ಮಕ್ಕಳ ಜೊತೆ ಸಿಂಗಪುರ: ಬಿಸಿಲು, ಮಳೆ, ನಿದ್ದೆ ನೋಡಿಕೊಂಡು ದಿನ ಹೊಂದಿಸುವ ಬಗೆ

ಸಿಂಗಪುರದಲ್ಲಿ ಮಕ್ಕಳಿಗೆ ತೋರಿಸುವ ಜಾಗಗಳಿಗೆ ಬರವಿಲ್ಲ. ಅಲ್ಲಿ ರಜೆ ಕೆಡುವುದು ಜಾಗ ತಪ್ಪಿ ಅಲ್ಲ, ಹೊತ್ತು ತಪ್ಪಿ. ಬೆಳಿಗ್ಗೆ ಹತ್ತೂವರೆಗೆ ಹೋಟೆಲಿನಿಂದ ಹೊರಟು, ಮೃಗಾಲಯ ಸೇರುವಷ್ಟರಲ್ಲಿ ನೆತ್ತಿ ಸುಡುವ ಬಿಸಿಲು. ಪ್ರಾಣಿಗಳೆಲ್ಲ ನೆರಳು ಹುಡುಕಿ ಮಲಗಿರುತ್ತವೆ. ಮೂರು ಗಂಟೆಗೆ ಗುಡುಗು ಮಳೆ. ಸಂಜೆಯ ದೀಪದ ಪ್ರದರ್ಶನ ಶುರುವಾಗುವ ಹೊತ್ತಿಗೆ ಮಗು ಅಪ್ಪನ ಹೆಗಲ ಮೇಲೆ ನಿದ್ದೆ. ಇಷ್ಟಕ್ಕೂ ಟಿಕೆಟ್ಟಿಗೆ ಸುರಿದ ದುಡ್ಡು ಕಡಿಮೆಯೇನಲ್ಲ. ಇದನ್ನು ತಪ್ಪಿಸುವುದು ಕಷ್ಟವಿಲ್ಲ, ಆದರೆ ದಿನವನ್ನು ಅಲ್ಲಿನ ಹವೆಗೆ ತಕ್ಕಂತೆ ಕಟ್ಟಬೇಕು.

ದಿನಕ್ಕೆ ಮೂರು ಹೊತ್ತು

ಸಿಂಗಪುರ ಸಮಭಾಜಕ ವೃತ್ತದಿಂದ ಒಂದು ಡಿಗ್ರಿಗಿಂತ ತುಸು ಮೇಲಿದೆ, ಅಷ್ಟೆ. ವರ್ಷದ ಯಾವ ತಿಂಗಳಾದರೂ ಬೆಳಗಾಗುವುದು 7ರ ಸುಮಾರಿಗೆ, ಕತ್ತಲಾಗುವುದು 7ರ ಸುಮಾರಿಗೆ. ಹಗಲಿನ ತಾಪ 31ರಿಂದ 33 ಡಿಗ್ರಿ. ಕೇಳಲು ಹೆಚ್ಚೇನಲ್ಲ ಅನ್ನಿಸಬಹುದು, ಆದರೆ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮಕ್ಕಳ ಮೈ ತಣಿಯುವುದಿಲ್ಲ. ದೊಡ್ಡವರು ತಡೆದುಕೊಳ್ಳುವ ಸೆಕೆಗೆ ನಾಲ್ಕು ವರ್ಷದ ಮಗು ಅರ್ಧ ಗಂಟೆಯಲ್ಲಿ ಸೋತು ಹಠ ಶುರುಮಾಡುತ್ತದೆ.

ಹಾಗಾಗಿ ದಿನವನ್ನು ಮೂರು ಹೊತ್ತಾಗಿ ನೋಡಿ. ಬೆಳಿಗ್ಗೆ 8ರಿಂದ 11ರವರೆಗೆ ಬಯಲು: ಮೃಗಾಲಯ, ತೋಟ, ಸಮುದ್ರ ದಂಡೆ. 11.30ರಿಂದ 4ರವರೆಗೆ ಸೂರಿನ ಕೆಳಗೆ: ವಸ್ತು ಸಂಗ್ರಹಾಲಯ, ಊಟ, ಇಲ್ಲವೇ ಹೋಟೆಲ್ ಕೋಣೆಯಲ್ಲಿ ನಿದ್ದೆ. 4.30ರಿಂದ ರಾತ್ರಿ 8.30ರವರೆಗೆ ಮತ್ತೆ ಬಯಲು. ಐದು ವರ್ಷದೊಳಗಿನ ಮಗುವಿದ್ದರೆ ನಡುವಿನ ಹೊತ್ತನ್ನು ಪೂರಾ ನಿದ್ದೆಗೇ ಬಿಡಿ. ಆ ನಿದ್ದೆಯ ಹೊತ್ತು ಉಳಿಸಿ ಇನ್ನೊಂದು ಜಾಗ ತೂರಿಸಿದರೆ ಸಂಜೆ ಪೂರ್ತಿ ಕೈತಪ್ಪುತ್ತದೆ. ಟಿಕೆಟ್ ಕೊಂಡು ನೋಡುವ ದೊಡ್ಡ ಜಾಗ ದಿನಕ್ಕೆ ಒಂದೇ ಇರಲಿ. ಉಳಿದದ್ದು ಪುಕ್ಕಟೆಯದು ಇರಲಿ. ಪುಕ್ಕಟೆ ಜಾಗದಿಂದ ಮಧ್ಯದಲ್ಲೇ ಎದ್ದು ಬರಲು ಮನಸ್ಸಿಗೆ ಅಡ್ಡಿ ಇರುವುದಿಲ್ಲ, ಮಕ್ಕಳ ಜೊತೆ ಇರುವಾಗ ಆ ಸ್ವಾತಂತ್ರ್ಯ ದೊಡ್ಡದು.

ಭಾರತದಿಂದ ಹೋಗುವವರಿಗೆ ಇನ್ನೊಂದು ಲೆಕ್ಕವಿದೆ. ಸಿಂಗಪುರದ ಗಡಿಯಾರ ಎರಡೂವರೆ ಗಂಟೆ ಮುಂದೆ. ಊರಿನಲ್ಲಿ ಬೆಳಿಗ್ಗೆ 6.30ಕ್ಕೆ ಏಳುವ ಮಗು ಅಲ್ಲಿ 9ಕ್ಕೆ ಏಳುತ್ತದೆ. ರಾತ್ರಿ 9ಕ್ಕೆ ಮಲಗುವ ಮಗುವಿಗೆ ಅಲ್ಲಿ 11.30ರವರೆಗೆ ನಿದ್ದೆ ಬರುವುದಿಲ್ಲ. ಮೊದಲ ಎರಡು ದಿನ ಇದರ ಜೊತೆ ಗುದ್ದಾಡಬೇಡಿ. ನೈಟ್ ಸಫಾರಿ, ದೀಪದ ಪ್ರದರ್ಶನಗಳನ್ನೆಲ್ಲ ಆ ದಿನಗಳಿಗೆ ಹಾಕಿ, ಮೃಗಾಲಯದಂಥ ಮುಂಜಾನೆಯ ಕೆಲಸಗಳನ್ನು ಮೂರನೆಯ ದಿನದಿಂದ ಇಟ್ಟುಕೊಳ್ಳಿ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡಿಕೊಂಡು ಒದ್ದಾಡುತ್ತಾರೆ.

ಯಾವ ತಿಂಗಳು ಅನ್ನುವುದೂ ಮುಖ್ಯ. ಸಿಂಗಪುರದ ಶಾಲೆಗಳಿಗೆ ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಸುಮಾರು ನಾಲ್ಕು ವಾರ, ನವೆಂಬರ್ ನಡುವಿನಿಂದ ಡಿಸೆಂಬರ್ ಮುಗಿಯುವವರೆಗೆ ಸುಮಾರು ಆರು ವಾರ ರಜೆ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಒಂದೊಂದು ವಾರ. ಆ ದಿನಗಳಲ್ಲಿ ಮಕ್ಕಳ ಜಾಗಗಳೆಲ್ಲ ತುಂಬಿ ತುಳುಕುತ್ತವೆ. ಏಪ್ರಿಲ್‌ನಿಂದ ಮೇ ಮೂರನೆಯ ವಾರದವರೆಗಿನ ವಾರದ ದಿನಗಳು ಆರಾಮ, ಏಕೆಂದರೆ ಊರಿನ ಮಕ್ಕಳು ಶಾಲೆಯಲ್ಲಿರುತ್ತಾರೆ. ಆದರೆ ಅದು ಮಧ್ಯಾಹ್ನದ ಗುಡುಗು ಮಳೆಯ ಕಾಲವೂ ಹೌದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾತ್ರಾ ಕಡೆಯಿಂದ ಬೆಳಗಿನ ಜಾವದಲ್ಲಿ ಬಿರುಗಾಳಿ ಮಳೆ ಬರುವುದುಂಟು. ಹೆಚ್ಚಾಗಿ ಒಂದೆರಡು ಗಂಟೆಯಲ್ಲಿ ದಾಟಿಹೋಗುತ್ತದೆ. ಏಳುತ್ತಲೇ ಮೈಇಎನ್‌ವಿ ಆ್ಯಪಿನಲ್ಲಿ ಮಳೆ ಮೋಡಗಳ ನಕ್ಷೆ ನೋಡಿದರೆ ಹೊರಡುವುದೋ ಕಾಯುವುದೋ ತಿಳಿಯುತ್ತದೆ.

ಹೊರಡುವ ಮುಂಚೆ

ವೀಸಾ ಬೇರೆ, ದೇಶದೊಳಗೆ ಬರುವವರು ತುಂಬಬೇಕಾದ ಎಸ್‌ಜಿ ಅರೈವಲ್ ಕಾರ್ಡ್ ಬೇರೆ. ಈ ಕಾರ್ಡನ್ನು ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಕೈಕೂಸಿಗೂ ಪ್ರತ್ಯೇಕ ನಮೂದು ಬೇಕು. ಇಡೀ ಕುಟುಂಬದ್ದನ್ನು ಒಟ್ಟಿಗೆ ತುಂಬುವ ಸೌಲಭ್ಯವಿದೆ. ಇದಕ್ಕೆ ಶುಲ್ಕವೇ ಇಲ್ಲ. ದುಡ್ಡು ಕೇಳುವ ತಾಣ ಕಂಡರೆ ಅದು ಸಿಂಗಪುರ ವಲಸೆ ಇಲಾಖೆಯದಲ್ಲ, ಮುಚ್ಚಿಬಿಡಿ.

ಮಕ್ಕಳ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಸಿಂಗಪುರದಲ್ಲಿ ವಯಸ್ಸಿಗಿಂತ ಎತ್ತರವನ್ನೇ ಹೆಚ್ಚು ಕೇಳುತ್ತಾರೆ: ಮೆಟ್ರೊದಲ್ಲಿ, ಕಾರಿನಲ್ಲಿ, ಆಟದ ಸವಾರಿಗಳಲ್ಲಿ. ಮಗುವಿಗೆ ಆಸೆ ಹುಟ್ಟಿಸಿ, ಮುಕ್ಕಾಲು ಗಂಟೆ ಸಾಲಿನಲ್ಲಿ ನಿಲ್ಲಿಸಿ, ಕೊನೆಗೆ ಅಳತೆಗೋಲಿನ ಬಳಿ ಹಿಂದಕ್ಕೆ ಕಳಿಸುವಾಗ ಆಗುವ ಅಳು ತಪ್ಪಿಸಬಹುದಾದದ್ದು.

ದಿನದ ಚೀಲದಲ್ಲಿ ಇರಬೇಕಾದದ್ದು: ಮಗುವಿಗೊಂದು ಪೂರಾ ಬದಲಿ ಬಟ್ಟೆ, ತೆಳು ಟವೆಲ್, ನೀರಾಟದ ಉಡುಪು, ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಚೀಲ, ಸ್ಟ್ರಾಲರಿಗೆ ಮಳೆ ಹೊದಿಕೆ, ಸೊಳ್ಳೆಗೆ ಹಚ್ಚುವ ಕ್ರೀಮು, ಸನ್‌ಸ್ಕ್ರೀನ್, ಮತ್ತು ತೆಳು ಸ್ವೆಟರ್. ಸ್ವೆಟರ್ ಹೊರಗಿನ ಹವೆಗಲ್ಲ. ಮಾಲು, ಮೆಟ್ರೊ, ಸಂಗ್ರಹಾಲಯಗಳ ಎ.ಸಿ. ಅಲ್ಲಿ ಬಲು ಜೋರು. ಬೆವರಿ ಒದ್ದೆಯಾದ ಮಗು ನೇರ ಒಳಗೆ ಹೋದರೆ ನಡುಗುತ್ತದೆ. ಒಳಹೋಗುವ ಮುಂಚೆ ಬೆನ್ನು ಒರೆಸಿ ಅಂಗಿ ಬದಲಿಸಿದರೆ ನೆಗಡಿಯ ಅರ್ಧ ಭಯ ಹೋದಂತೆ. ನೀರು ಕೊಳ್ಳುವ ಅಗತ್ಯವಿಲ್ಲ, ನಲ್ಲಿ ನೀರನ್ನು ಧೈರ್ಯವಾಗಿ ಕುಡಿಯಬಹುದು. ಚೂಯಿಂಗ್ ಗಮ್ ಮನೆಯಲ್ಲೇ ಬಿಟ್ಟು ಬನ್ನಿ. 1992ರಿಂದ ಅದನ್ನು ದೇಶದೊಳಗೆ ತರುವಂತಿಲ್ಲ.

ಓಡಾಟ

ಎಂಆರ್‌ಟಿ ಮೆಟ್ರೊಗೂ ಬಸ್ಸಿಗೂ ಟ್ಯಾಪ್ ಮಾಡುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡ್ ಸಾಕು. ಆದರೆ ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡಿನಲ್ಲಿ ಇಬ್ಬರು ದಾಟುವಂತಿಲ್ಲ. ವಿದೇಶಿ ಬ್ಯಾಂಕಿನ ಕಾರ್ಡಾದರೆ ಬಳಸಿದ ಪ್ರತಿ ದಿನಕ್ಕೆ 60 ಸೆಂಟ್ ಹೆಚ್ಚುವರಿ ಶುಲ್ಕ ಬೀಳುತ್ತದೆ. ನಾಲ್ಕು ದಿನಕ್ಕಿಂತ ಹೆಚ್ಚು ಇರುವವರು, ಟ್ಯಾಪ್ ಕಾರ್ಡ್ ಇಲ್ಲದ ದೊಡ್ಡ ಮಕ್ಕಳಿರುವವರು ಮೊದಲೇ ದುಡ್ಡು ತುಂಬಿಸಿಕೊಂಡು ಬಳಸುವ ಈಜಿ-ಲಿಂಕ್ ಕಾರ್ಡ್ ಕೊಳ್ಳುವುದು ವಾಸಿ. 90 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಗು ದೊಡ್ಡವರ ಜೊತೆ ಪುಕ್ಕಟೆ. ಅದಕ್ಕಿಂತ ಎತ್ತರವಿದ್ದು 7 ವರ್ಷ ತುಂಬದ ಮಕ್ಕಳಿಗೆ ಉಚಿತ ಪ್ರಯಾಣದ ಪ್ರತ್ಯೇಕ ಕಾರ್ಡ್ ಇದೆ. ಪಾಸ್‌ಪೋರ್ಟ್ ಹಿಡಿದು ಸ್ಟೇಷನ್ನಿನ ಟಿಕೆಟ್ ಆಫೀಸಿನಲ್ಲಿ ವಿಚಾರಿಸಿ. ಆ ಕಾರ್ಡ್ ಇಲ್ಲದಿದ್ದರೆ ದೊಡ್ಡವರ ದರವೇ.

ಸ್ಟ್ರಾಲರ್ ಇದ್ದರೆ ಅಗಲದ ಗೇಟಿನಲ್ಲಿ ದಾಟಿ, ಲಿಫ್ಟಿನಲ್ಲೇ ಇಳಿಯಿರಿ. ಅಲ್ಲಿನ ಎಸ್ಕಲೇಟರುಗಳ ವೇಗ ಹೊಸಬರನ್ನು ಬೆಚ್ಚಿಬೀಳಿಸುತ್ತದೆ. ಬಸ್ಸಿನಲ್ಲಿ ಸ್ಟ್ರಾಲರ್ ಮಡಿಸದೆಯೇ ಹತ್ತಬಹುದು, 2017ರಿಂದ ಅನುಮತಿ ಇದೆ. ಮೆಟ್ರೊದೊಳಗೆ ತಿನ್ನುವುದು ಕುಡಿಯುವುದು ನಿಷಿದ್ಧ, ದಂಡ 500 ಸಿಂಗಪುರ ಡಾಲರ್‌ವರೆಗೆ. ನೀರು ಕುಡಿಯುವುದೂ ಅದರಲ್ಲಿ ಸೇರಿದೆ, ಆದ್ದರಿಂದ ಗೇಟು ದಾಟುವ ಮುಂಚೆಯೇ ಮಕ್ಕಳಿಗೆ ನೀರು ಕುಡಿಸಿ, ಬಿಸ್ಕತ್ತು ಮುಗಿಸಿಸಿ. ಬೆಳಿಗ್ಗೆ 7.30ರಿಂದ 9, ಸಂಜೆ 5.30ರಿಂದ 7.30 ಆಫೀಸಿನವರ ನೂಕುನುಗ್ಗಲು. ಸ್ಟ್ರಾಲರ್ ಒಳಗೆ ತೂರಿಸುವುದೇ ಕಷ್ಟ.

ಕಾರಿನ ನಿಯಮ ಬಹಳ ಜನಕ್ಕೆ ಗೊತ್ತಿರುವುದಿಲ್ಲ. 1.35 ಮೀಟರಿಗಿಂತ ಕುಳ್ಳಗಿರುವ ಮಗುವಿಗೆ ಕಾರಿನಲ್ಲಿ ಮಕ್ಕಳ ಸೀಟು ಅಥವಾ ಬೂಸ್ಟರ್ ಕಡ್ಡಾಯ. ಗ್ರ್ಯಾಬ್‌ನಂಥ ಆ್ಯಪಿನಲ್ಲಿ ಬರುವ ಖಾಸಗಿ ಬಾಡಿಗೆ ಕಾರಿಗೂ ಇದು ಅನ್ವಯ, ಹಾಗಾಗಿ ಸಾಮಾನ್ಯ ಕಾರು ಕರೆಸಿದರೆ ಮಗುವನ್ನು ನೋಡಿ ಚಾಲಕರು ಹತ್ತಿಸದೆ ಹೋಗಬಹುದು. ಗ್ರ್ಯಾಬ್‌ನಲ್ಲಿ ಮಕ್ಕಳ ಸೀಟಿರುವ ಗ್ರ್ಯಾಬ್‌ಫ್ಯಾಮಿಲಿ ಆಯ್ಕೆ ಮಾಡಿ. ಮಾಮೂಲಿ ಟ್ಯಾಕ್ಸಿಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ಆಗಲೂ ಮಗುವನ್ನು ಹಿಂದಿನ ಸೀಟಿನಲ್ಲೇ ಕೂರಿಸಿ. ಟ್ಯಾಕ್ಸಿಗೆ ನಡುರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಮೀಟರಿನ ಮೇಲೆ ಅರ್ಧದಷ್ಟು ಹೆಚ್ಚು.

ಮಂಡಾಯ್: ಒಂದೇ ದಿನಕ್ಕೆ ಎಲ್ಲ ಬೇಡ

ಸಿಂಗಪುರ ಮೃಗಾಲಯ, ನೈಟ್ ಸಫಾರಿ, ರಿವರ್ ವಂಡರ್ಸ್, ಬರ್ಡ್ ಪ್ಯಾರಡೈಸ್ ನಾಲ್ಕೂ ನಗರದ ಉತ್ತರದ ಮಂಡಾಯ್‌ನಲ್ಲಿ ಅಕ್ಕಪಕ್ಕದಲ್ಲಿವೆ. ಜುರಾಂಗ್‌ನಲ್ಲಿದ್ದ ಹಳೆಯ ಪಕ್ಷಿಧಾಮ 2023ರಲ್ಲಿ ಮುಚ್ಚಿತು. ಅದೇ ವರ್ಷ ಮೇ ತಿಂಗಳಲ್ಲಿ ಬರ್ಡ್ ಪ್ಯಾರಡೈಸ್ ಇಲ್ಲಿ ತೆರೆಯಿತು. ಹಳೆಯ ವಿಳಾಸ ಹಿಡಿದು ಪಶ್ಚಿಮಕ್ಕೆ ಹೋಗಬೇಡಿ. ಖಾತಿಬ್ ಮೆಟ್ರೊ ನಿಲ್ದಾಣದಿಂದ ಮಂಡಾಯ್‌ಗೆ ನೇರ ಶಟಲ್ ಬಸ್ಸಿದೆ, ಅದೇ ಸಲೀಸು. ಸ್ಪ್ರಿಂಗ್‌ಲೀಫ್ ನಿಲ್ದಾಣದ ಹತ್ತಿರ 138 ಬಸ್ಸೂ ಸಿಗುತ್ತದೆ. ನಗರದ ನಡುವಿನಿಂದ ಬಾಗಿಲಿಗೆ ಒಂದು ಗಂಟೆ ಹಿಡಿಯಿರಿ.

ಅಕ್ಕಪಕ್ಕದಲ್ಲಿವೆ ಎಂದು ಬೆಳಿಗ್ಗೆ ಮೃಗಾಲಯ, ರಾತ್ರಿ ನೈಟ್ ಸಫಾರಿ ಎಂದು ಹೆಣೆಯುವುದು ಎಲ್ಲರೂ ಬೀಳುವ ಹಳ್ಳ. ಮೃಗಾಲಯವೇ 28 ಹೆಕ್ಟೇರ್. ನಾಲ್ಕು ಗಂಟೆ ಸುತ್ತಿದ ಮಕ್ಕಳನ್ನು ಮತ್ತೆ ಹತ್ತು ಗಂಟೆಯ ರಾತ್ರಿಯವರೆಗೆ ಎಳೆದಾಡಿದರೆ ಕಾಡಿನ ಕತ್ತಲಲ್ಲಿ ಅವರು ನೋಡುವುದು ಏನೂ ಇಲ್ಲ. ಎರಡು ಬೇರೆ ದಿನ ಮಾಡಿ.

ಮೃಗಾಲಯದ ದಿನ: ಬಾಗಿಲು ತೆರೆಯುವುದು 8.30ಕ್ಕೆ, ನೀವು 8.20ಕ್ಕೆ ಅಲ್ಲಿರಬೇಕು. 1973ರಲ್ಲಿ ಶುರುವಾದ ಈ ಮೃಗಾಲಯದ ಹೆಚ್ಚುಗಾರಿಕೆ ಎಂದರೆ ಕಂಬಿಗಳ ಪಂಜರ ಕಡಿಮೆ. ಕಂದಕ, ನೀರು, ಗಿಡಗಳ ಮರೆಯೇ ಬೇಲಿ. ಮಗುವಿನ ಕಣ್ಣಿನ ಎತ್ತರದಲ್ಲೇ ಪ್ರಾಣಿ ಕಾಣುತ್ತದೆ. ಒರಾಂಗುಟಾನ್‌ಗಳು ತಲೆಯ ಮೇಲಿನ ಹಗ್ಗಗಳಲ್ಲಿ ತೂಗಿಕೊಂಡು ಹೋಗುವುದನ್ನು ನಿಂತು ನೋಡಲು ಬೆಳಗಿನ ಹೊತ್ತೇ ಸರಿ, ಬಿಸಿಲೇರಿದ ಮೇಲೆ ಅವೂ ಮಂಕಾಗುತ್ತವೆ. ಒಳಗೆ ಹೋದ ಕೂಡಲೇ ಆಹಾರ ಕೊಡುವ ವೇಳಾಪಟ್ಟಿಯ ಫೋಟೊ ತೆಗೆದುಕೊಂಡು, ಅದರಲ್ಲಿ ಎರಡನ್ನು ಮಾತ್ರ ಆರಿಸಿ; ನಾಲ್ಕನ್ನು ಬೆನ್ನಟ್ಟಿದರೆ ದಿನವೆಲ್ಲ ಓಟವೇ. ದೂರದ ತುದಿಗೆ ಟ್ರ್ಯಾಮಿನಲ್ಲಿ ಹೋಗಿ, ಅಲ್ಲಿಂದ ಬಾಗಿಲ ಕಡೆಗೆ ನಡೆದುಬನ್ನಿ. ಆಗ ದಣಿವು ಹೆಚ್ಚಾದಂತೆ ಹೊರದಾರಿ ಹತ್ತಿರವಾಗುತ್ತದೆ.

ನೈಟ್ ಸಫಾರಿಯ ದಿನ: ಮಧ್ಯಾಹ್ನ ಮಕ್ಕಳನ್ನು ಚೆನ್ನಾಗಿ ಮಲಗಿಸಿ, 4ರ ಹೊತ್ತಿಗೆ ರಿವರ್ ವಂಡರ್ಸ್ ಸೇರಿ. ಕೈ ಕೈ ಮತ್ತು ಜಿಯಾ ಜಿಯಾ ಎಂಬ ಪಾಂಡಾ ಜೋಡಿ ಇರುವುದು ಇಲ್ಲಿ, ಎ.ಸಿ. ಮಂಟಪದೊಳಗೆ. ಮ್ಯಾನಟೀ ಎಂಬ ದೊಡ್ಡ ನೀರಪ್ರಾಣಿಗಳು ತೇಲುವ ದೊಡ್ಡ ಗಾಜಿನ ತೊಟ್ಟಿಯೂ ಸೂರಿನ ಕೆಳಗೇ ಇದೆ. ಪುಟಾಣಿಗಳು ಅದರ ಮುಂದೆ ಕೂತರೆ ಎಬ್ಬಿಸುವುದು ಕಷ್ಟ, ಎಬ್ಬಿಸಲೂಬೇಡಿ. ಎರಡು ಗಂಟೆಯಲ್ಲಿ ಮುಗಿಸಿ, 6ಕ್ಕೆ ಊಟ ಮಾಡಿಸಿ, ನೈಟ್ ಸಫಾರಿಯ ಮೊದಲ ಸರದಿ ಹಿಡಿಯಿರಿ. 1994ರಲ್ಲಿ ತೆರೆದ ಇದು ಜಗತ್ತಿನ ಮೊದಲ ರಾತ್ರಿ ಮೃಗಾಲಯ. ಒಳಹೋಗುವ ಸಮಯವನ್ನು ಆನ್‌ಲೈನಿನಲ್ಲಿ ಮೊದಲೇ ಆರಿಸಬೇಕು, ಕೊನೆ ಗಳಿಗೆಯಲ್ಲಿ ಸಿಗುವುದು ಬರೀ ತಡರಾತ್ರಿಯ ಸರದಿ. ಟ್ರ್ಯಾಮ್ ಸವಾರಿ ಸುಮಾರು 40 ನಿಮಿಷ. ಹತ್ತುವ ಮುಂಚೆ ಶೌಚಾಲಯ ಮುಗಿಸಿ, ಏಕೆಂದರೆ ನಡುವೆ ಇಳಿಯಲಾಗದು. ಮೊಬೈಲಿನ ಬೆಳಕು, ಫ್ಲ್ಯಾಶ್ ಎರಡೂ ಆರಿಸಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು, ಒಮ್ಮೆ ಮೊಬೈಲ್ ಹೊತ್ತಿಸಿದರೆ ಮತ್ತೆ ಮೊದಲಿನಿಂದ. ಕತ್ತಲೆಗೆ ಅಂಜುವ ಮಗುವಿಗೆ ಟ್ರ್ಯಾಮಿನಲ್ಲಿ ಒಳಬದಿಯ ಸೀಟು ಕೊಡಿ, ಕಾಲುದಾರಿ ಬಿಡಿ.

ಮಂಡಾಯ್‌ನ ಟಿಕೆಟ್ಟಿನಲ್ಲಿ 3 ವರ್ಷದೊಳಗಿನವರಿಗೆ ದುಡ್ಡಿಲ್ಲ, 3ರಿಂದ 12 ಮಕ್ಕಳ ದರ. ಹಲವು ಪಾರ್ಕುಗಳನ್ನು ಸೇರಿಸಿದ ಟಿಕೆಟ್ ಅಗ್ಗ ಅನ್ನಿಸುತ್ತದೆ. ಆದರೆ ಎರಡಕ್ಕಿಂತ ಹೆಚ್ಚನ್ನು ನಿಜಕ್ಕೂ ನೋಡುವ ಶಕ್ತಿ ಮಕ್ಕಳಿಗಿದೆಯೇ ಎಂದು ಕೇಳಿಕೊಂಡೇ ಕೊಳ್ಳಿ.

ಪುಕ್ಕಟೆ ನೀರಾಟ

ದೊಡ್ಡವರ ಪಟ್ಟಿಯಲ್ಲಿ ಇದು ಇರುವುದೇ ಇಲ್ಲ, ಮಕ್ಕಳಿಗೆ ಮಾತ್ರ ಇಡೀ ಪ್ರವಾಸದಲ್ಲಿ ನೆನಪುಳಿಯುವುದು ಇದೇ. ನೆಲದಿಂದ ಚಿಮ್ಮುವ ಕಾರಂಜಿ, ತಲೆಯ ಮೇಲೆ ಸುರಿಯುವ ಬಕೆಟ್, ಕಾಲು ಮುಳುಗುವಷ್ಟೇ ನೀರು. ಈಜು ಬರಬೇಕಿಲ್ಲ.

ಮರೀನಾ ಬೇ ದಂಡೆಯ ದೊಡ್ಡ ಉದ್ಯಾನ ಗಾರ್ಡನ್ಸ್ ಬೈ ದ ಬೇ ಒಳಗಿನ ಮಕ್ಕಳ ತೋಟ ಇವುಗಳಲ್ಲಿ ಮೊದಲು ಹೇಳಬೇಕಾದದ್ದು. ಐದು ವರ್ಷದೊಳಗಿನ ಪುಟಾಣಿಗಳಿಗೆ ಒಂದು ಭಾಗ, ದೊಡ್ಡ ಮಕ್ಕಳಿಗೆ ಇನ್ನೊಂದು, ಮರದ ಮನೆಗಳ ನಡುವೆ ಹಗ್ಗದ ಸೇತುವೆಗಳು ಬೇರೆ. ಎರಡನೆಯದು ಬೊಟಾನಿಕ್ ಗಾರ್ಡನ್ಸ್‌ನ ಜೇಕಬ್ ಬಲ್ಲಾಸ್ ಮಕ್ಕಳ ತೋಟ. 14 ವರ್ಷದವರೆಗಿನ ಮಕ್ಕಳಿಗೆ ಮೀಸಲು. ಮಗುವಿಲ್ಲದೆ ದೊಡ್ಡವರನ್ನು ಒಳಗೇ ಬಿಡುವುದಿಲ್ಲ. ಮರಳಗುಂಡಿ, ತೂಗುಸೇತುವೆ, ಜಾರುಬಂಡೆಯ ಮರದ ಮನೆ, ಜೊತೆಗೆ ಗಿಡಗಳನ್ನು ಮುಟ್ಟಿ ಮೂಸಿ ತಿಳಿಯುವ ಜಾಗ. ಬೊಟಾನಿಕ್ ಗಾರ್ಡನ್ಸ್ 1859ರದು, 2015ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ, ಬಲು ಉದ್ದ. ಮಕ್ಕಳ ತೋಟ ಇರುವುದು ಉತ್ತರದ ತುದಿಯಲ್ಲಿ. ಬೊಟಾನಿಕ್ ಗಾರ್ಡನ್ಸ್ ನಿಲ್ದಾಣದಲ್ಲೇ ಇಳಿಯಿರಿ. ನೇಪಿಯರ್‌ನಲ್ಲಿ ಇಳಿದರೆ ಇಡೀ ತೋಟ ಹಾದು ಬರಬೇಕು.

ಈ ಎರಡೂ ತೋಟಗಳಿಗೆ ಸೋಮವಾರ ರಜೆ. ಕೊನೆಯ ಪ್ರವೇಶ ಸಂಜೆ 6.30ಕ್ಕೆ.

ಇಲ್ಲಿ ಕೈಕೊಡುವುದು ಹೆಚ್ಚಾಗಿ ಸಿಡಿಲು. ಸಿಂಗಪುರ ಸಿಡಿಲು ಹೆಚ್ಚು ಬೀಳುವ ಊರು. ಎಚ್ಚರಿಕೆ ಬಂದ ಕೂಡಲೇ, ಒಂದು ಹನಿ ಮಳೆ ಇಲ್ಲದಿದ್ದರೂ, ನೀರು ನಿಲ್ಲಿಸಿ ಮಕ್ಕಳನ್ನು ಹೊರಗೆ ಕರೆಯುತ್ತಾರೆ. ಅರ್ಧ ಗಂಟೆ, ಒಂದು ಗಂಟೆ ಕಾದರೆ ಮತ್ತೆ ತೆರೆಯುವುದುಂಟು, ಆದ್ದರಿಂದ ಕೂಡಲೇ ಬಟ್ಟೆ ಬದಲಿಸಿ ಹೊರಟುಬಿಡಬೇಡಿ. ಡೈಪರಿನ ಮಗುವಿಗೆ ನೀರಿಗೆಂದೇ ಮಾಡಿದ ಡೈಪರ್ ಹಾಕಿ, ಮಾಮೂಲಿಯದು ನೀರು ಹೀರಿ ಊದಿ ಕಳಚಿಬೀಳುತ್ತದೆ. ಬಿಸಿಲಿಗೆ ಕಾದ ನೆಲ ಅಂಗಾಲು ಸುಡುತ್ತದೆ, ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಇರಲಿ.

ಮಧ್ಯಾಹ್ನ ಸೆಂಟೋಸಾ ದ್ವೀಪದ ದಾರಿಯಲ್ಲಿದ್ದರೆ ವಿವೊಸಿಟಿ ಮಾಲಿನ ಮೂರನೆಯ ಮಹಡಿಯ ತೆರೆದ ಅಂಗಳದಲ್ಲಿ ಕಾಲಿಳಿಬಿಡುವ ಕೊಳವಿದೆ. ಮರೀನಾ ಬ್ಯಾರೇಜ್‌ನಲ್ಲಿ ನೀರಾಟಕ್ಕಿಂತ ಗಾಳಿಪಟ ಚೆನ್ನ: ಅಣೆಕಟ್ಟಿನ ಹುಲ್ಲುಹಾಸಿನ ಚಾವಣಿ, ಸಮುದ್ರದ ಗಾಳಿ, ಸಂಜೆ 5.30ರ ನಂತರ ಹೋಗಿ.

ಮರೀನಾ ಬೇಯ ಒಂದು ಸಂಜೆ

ಇದನ್ನು ನಿಮಿಷದ ಲೆಕ್ಕದಲ್ಲಿ ಹೊಂದಿಸಿದರೆ ಸಲೀಸು. 4.30ಕ್ಕೆ ಗಾರ್ಡನ್ಸ್ ಬೈ ದ ಬೇ ನಿಲ್ದಾಣದಲ್ಲಿ ಇಳಿದು ಮಕ್ಕಳ ತೋಟ. 6.15ಕ್ಕೆ ಬಟ್ಟೆ ಬದಲಿಸಿ, ಹತ್ತಿರದ ಸಾಟೆ ಬೈ ದ ಬೇಯಲ್ಲಿ ಊಟ. 7.20ಕ್ಕೆ ಸೂಪರ್‌ಟ್ರೀಗಳ ಕಡೆ ನಡೆಯಿರಿ. 25ರಿಂದ 50 ಮೀಟರ್ ಎತ್ತರದ ಈ ಉಕ್ಕಿನ ಮರಗಳಿಗೆ ದಿನವೂ 7.45ಕ್ಕೆ ಮತ್ತು 8.45ಕ್ಕೆ ಸಂಗೀತದೊಂದಿಗೆ ದೀಪದ ಪ್ರದರ್ಶನ, ಸುಮಾರು ಕಾಲು ಗಂಟೆ, ಟಿಕೆಟ್ ಇಲ್ಲ. ಕುರ್ಚಿ ಹುಡುಕಬೇಡಿ, ಚಾಪೆಯೋ ಟವೆಲೋ ಹಾಸಿ ಮಕ್ಕಳನ್ನು ಅಂಗಾತ ಮಲಗಿಸಿ, ಕತ್ತು ನೋಯುವುದಿಲ್ಲ.

ಪ್ರದರ್ಶನ ಮುಗಿಯುವುದು 8ಕ್ಕೆ. ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನ ಮುಂದಿನ ನೀರಿನ ಪ್ರದರ್ಶನ ಸ್ಪೆಕ್ಟ್ರಾ ಕೂಡ 8ಕ್ಕೇ ಶುರು, ಅಂದರೆ ಅದನ್ನು ಹಿಡಿಯಲಾಗದು. 9ರದಕ್ಕೆ ಕಾಯುವುದಾದರೆ ಡ್ರ್ಯಾಗನ್‌ಫ್ಲೈ ಸೇತುವೆಯಿಂದ ನಿಧಾನವಾಗಿ ಮಾಲು ಹಾದು ಹೋಗಿ. ಮಕ್ಕಳು ತೂಕಡಿಸುತ್ತಿದ್ದರೆ ಬಂದ ದಾರಿಯಲ್ಲೇ ಹಿಂದಿರುಗಿ. ಜನಸಾಗರ ಬೇಫ್ರಂಟ್ ನಿಲ್ದಾಣದ ಕಡೆ ಹರಿಯುತ್ತದೆ, ಗಾರ್ಡನ್ಸ್ ಬೈ ದ ಬೇ ನಿಲ್ದಾಣದಲ್ಲಿ ಕೂರಲು ಸೀಟು ಸಿಗುತ್ತದೆ. ಗಾರ್ಡನ್ಸ್ ಬೈ ದ ಬೇಯ ಟಿಕೆಟ್ಟಿನ ಎರಡು ಗಾಜಿನ ಮನೆಗಳಲ್ಲಿ ಒಂದೇ ಆರಿಸಬೇಕೆಂದರೆ ಕ್ಲೌಡ್ ಫಾರೆಸ್ಟ್. ಬಾಗಿಲು ತೆರೆದೊಡನೆ 35 ಮೀಟರಿನ ಜಲಪಾತದ ತುಂತುರು ಮುಖಕ್ಕೆ ಬಡಿಯುತ್ತದೆ, ಹೂವಿನ ಮನೆಗಿಂತ ಮಕ್ಕಳಿಗೆ ಇದೇ ಹಿಡಿಸುವುದು.

ಸೆಂಟೋಸಾ

ಹಾರ್ಬರ್‌ಫ್ರಂಟ್ ಮೆಟ್ರೊದಲ್ಲಿ ಇಳಿದು ವಿವೊಸಿಟಿ ಮೂರನೆಯ ಮಹಡಿಯಿಂದ ಮೊನೊರೈಲು. ದ್ವೀಪಕ್ಕೆ ಹೋಗುವಾಗ 4 ಡಾಲರ್, ಬರುವಾಗ ಏನೂ ಇಲ್ಲ. ಬೋರ್ಡ್‌ವಾಕಿನಲ್ಲಿ ನಡೆದರೆ ಅದೂ ಇಲ್ಲ, ದಾರಿಗೆ ಬಹುಪಾಲು ಸೂರಿದೆ. ದ್ವೀಪದೊಳಗಿನ ಬಸ್ಸು, ಬೀಚ್ ಟ್ರ್ಯಾಮ್ ಉಚಿತ. ಚಿಕ್ಕ ಮಕ್ಕಳಿಗೆ ಪಲವಾನ್ ಬೀಚ್ ಒಳ್ಳೆಯದು. ಅಲೆ ಇಲ್ಲದ ಶಾಂತ ನೀರು, ಮರಳು, ಪುಟ್ಟ ದ್ವೀಪಕ್ಕೊಂದು ತೂಗುಸೇತುವೆ. ಏಳೆಂಟು ವರ್ಷ ದಾಟಿದವರನ್ನು ಫೋರ್ಟ್ ಸಿಲೋಸೊಗೆ ಕರೆದುಕೊಂಡು ಹೋಗಿ. ಲಿಫ್ಟಿನಲ್ಲಿ ಹನ್ನೊಂದು ಮಹಡಿಯಷ್ಟು ಏರಿ, 181 ಮೀಟರ್ ಉದ್ದದ ಸೇತುವೆಯಲ್ಲಿ ಮರಗಳ ನೆತ್ತಿಯ ಮೇಲೆ ನಡೆದರೆ ಬ್ರಿಟಿಷರ ಹಳೆಯ ಫಿರಂಗಿಗಳು. ಎಲ್ಲ ಪುಕ್ಕಟೆ.

ಯೂನಿವರ್ಸಲ್ ಸ್ಟುಡಿಯೋಸ್ ಆಟದ ಪಾರ್ಕಿನ ಟಿಕೆಟ್ ಕೊಳ್ಳುವ ಮುಂಚೆ ಆ ಎತ್ತರದ ಚೀಟಿ ತೆಗೆಯಿರಿ. ಟ್ರಾನ್ಸ್‌ಫಾರ್ಮರ್ಸ್ ಸವಾರಿಗೆ 102 ಸೆಂಟಿಮೀಟರ್, ಜುರಾಸಿಕ್ ಪಾರ್ಕಿನ ನೀರಿನ ಸವಾರಿಗೆ 107, ಮಮ್ಮಿ ಸವಾರಿಗೆ 122, ಬ್ಯಾಟಲ್‌ಸ್ಟಾರ್ ರೋಲರ್ ಕೋಸ್ಟರಿಗೆ 125. ಮಗು 100ಕ್ಕಿಂತ ಕೆಳಗಿದ್ದರೆ ಆ ಟಿಕೆಟ್ಟಿನ ದುಡ್ಡು ವಸೂಲಾಗುವುದಿಲ್ಲ, ಎರಡು ವರ್ಷ ಬಿಟ್ಟು ಬರುವುದೇ ಮೇಲು. ಒಂದು ಮಗು ಎತ್ತರ ಮುಟ್ಟಿ ಇನ್ನೊಂದು ಮುಟ್ಟದಿದ್ದರೆ ಸವಾರಿಯ ಬಾಗಿಲಲ್ಲಿ ಸಿಬ್ಬಂದಿಗೆ ಹೇಳಿ: ಒಬ್ಬ ಪೋಷಕರು ಸವಾರಿ ಮುಗಿಸಿದ ಮೇಲೆ ಇನ್ನೊಬ್ಬರು ಮತ್ತೆ ಸಾಲು ನಿಲ್ಲದೆ ಹೋಗುವ ವ್ಯವಸ್ಥೆ ಇದೆ. ಇಳಿಜಾರಿನಲ್ಲಿ ಗಾಡಿ ಓಡಿಸುವ ಲೂಜ್‌ಗೆ 85 ಸೆಂಟಿಮೀಟರ್ ಆದವರು ದೊಡ್ಡವರ ಜೊತೆ, 110 ದಾಟಿದ ಆರು ವರ್ಷದವರು ಒಬ್ಬರೇ.

ಮಳೆ ಹಿಡಿದಾಗ, ಇಲ್ಲವೇ ಮಧ್ಯಾಹ್ನಕ್ಕೆ

ಡೈನೊಸಾರ್ ಪ್ರಿಯರಿದ್ದರೆ ಲೀ ಕಾಂಗ್ ಚಿಯಾನ್ ನಿಸರ್ಗ ಸಂಗ್ರಹಾಲಯ. ಪ್ರಿನ್ಸ್, ಅಪೊಲೋನಿಯಾ, ಟ್ವಿಂಕಿ ಎಂಬ ಮೂರು ಉದ್ದ ಕತ್ತಿನ ಡೈನೊಸಾರ್‌ಗಳ ಅಸ್ಥಿಪಂಜರಗಳು ಅಲ್ಲಿವೆ, ಟ್ವಿಂಕಿ ಇನ್ನೂ ಮರಿ. 2015ರಲ್ಲಿ ಜುರಾಂಗ್ ದ್ವೀಪದ ಬಳಿ ಸತ್ತು ತೇಲಿಬಂದ ಸ್ಪರ್ಮ್ ತಿಮಿಂಗಿಲದ ಪಂಜರವೂ ಇದೆ; ಅದರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿತ್ತು ಎನ್ನುವುದನ್ನು ಅದರ ಮುಂದೆ ನಿಂತು ಹೇಳಿದರೆ ಮಕ್ಕಳು ಮರೆಯುವುದಿಲ್ಲ. ಜಾಗ ಚಿಕ್ಕದು, ಒಂದೂವರೆ ಗಂಟೆ ಸಾಕು.

ಆರು ವರ್ಷದ ಆಸುಪಾಸಿನವರಿಗೆ ಕೋಲ್‌ಮನ್ ಬೀದಿಯ ಚಿಲ್ಡ್ರನ್ಸ್ ಮ್ಯೂಸಿಯಂ, 2022ರ ಡಿಸೆಂಬರಿನಲ್ಲಿ ತೆರೆದದ್ದು. ಮುಟ್ಟಿ, ಎಳೆದು, ವೇಷ ಹಾಕಿ ಆಡುವುದೇ ಅಲ್ಲಿನ ಪಾಠ. ಜನರ ಸಂಖ್ಯೆಗೆ ಮಿತಿ ಇರುವುದರಿಂದ ಸಮಯ ಮೊದಲೇ ಕಾಯ್ದಿರಿಸಿ. ಮಳೆ ಬಂತೆಂದು ಓಡಿದರೆ ಜಾಗವಿರದು. ಹಾಗೆ ಕಾಯ್ದಿರಿಸದೆ ಹೋಗಬಹುದಾದದ್ದು ನ್ಯಾಷನಲ್ ಗ್ಯಾಲರಿಯ ಮಕ್ಕಳ ಕಲಾ ವಿಭಾಗ. ಜುರಾಂಗ್‌ನ ವಿಜ್ಞಾನ ಕೇಂದ್ರದಲ್ಲಿ ಒಂದೂವರೆಯಿಂದ 8 ವರ್ಷದವರಿಗೆ ಕಿಡ್ಸ್‌ಸ್ಟಾಪ್ ಇದೆ. ಕೇಂದ್ರವನ್ನು ಜುರಾಂಗ್ ಲೇಕ್ ಗಾರ್ಡನ್ಸ್‌ಗೆ ಸ್ಥಳಾಂತರಿಸುವ ಯೋಜನೆ ಇರುವುದರಿಂದ ಹೋಗುವ ವಾರದಲ್ಲಿ ವಿಳಾಸ ನೋಡಿಕೊಳ್ಳಿ. ಸಂಗ್ರಹಾಲಯಗಳಲ್ಲಿ ಕೆಲವಕ್ಕೆ ಸೋಮವಾರ ರಜೆ. ತೋಟಗಳಿಗೂ ಅದೇ ದಿನ ರಜೆಯಾದ್ದರಿಂದ ಸೋಮವಾರವನ್ನು ಮಂಡಾಯ್‌ಗೋ ಸೆಂಟೋಸಾಗೋ ಬಿಡುವುದು ಜಾಣತನ.

ಊಟ

ಒಂದೇ ಸೂರಿನಡಿ ಹಲವು ಊಟದಂಗಡಿಗಳಿರುವ ಹಾಕರ್ ಸೆಂಟರುಗಳಲ್ಲಿ ಮಕ್ಕಳಿಗೆ ಬೇಕಾದ್ದು ಸಿಗುತ್ತದೆ, ದರವೂ ಹಗುರ. 12ರಿಂದ 1.30ರ ಆಫೀಸ್ ಊಟದ ಹೊತ್ತು ಬಿಟ್ಟು 11.15ಕ್ಕೆ ಕೂತರೆ ಮೇಜು ಸುಲಭ. ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟಿದ್ದರೆ ಅದು ಯಾರೋ ಹಿಡಿದ ಜಾಗ. ಉಂಡ ತಟ್ಟೆಗಳನ್ನು ನೀವೇ ಕಪಾಟಿಗೆ ಇಡಬೇಕು; 2021ರಿಂದ ಕಡ್ಡಾಯ. ರೆಸ್ಟೋರೆಂಟಿನ ಪಟ್ಟಿಯಲ್ಲಿ ಬೆಲೆಯ ಮುಂದೆ ಎರಡು ಪ್ಲಸ್ ಗುರುತಿದ್ದರೆ ಶೇ 10 ಸೇವಾ ಶುಲ್ಕ, ಶೇ 9 ತೆರಿಗೆ ಸೇರುತ್ತದೆ.

ಸಸ್ಯಾಹಾರಿಗಳು ತರಕಾರಿ ಕಂಡಷ್ಟಕ್ಕೇ ನೆಚ್ಚಬಾರದು. ಸಾಂಬಾಲ್ ಚಟ್ನಿಯಲ್ಲಿ ಒಣ ಸೀಗಡಿಯ ಹಿಟ್ಟಿರುತ್ತದೆ, ಹುರಿದ ಸೊಪ್ಪಿಗೆ ಆಯ್‌ಸ್ಟರ್ (ಸಿಂಪಿ) ಸಾಸ್ ಬೀಳುತ್ತದೆ, ಲಕ್ಸಾ ಎಂಬ ನೂಡಲ್ಸಿನ ತೆಂಗಿನಹಾಲಿನ ಸಾರಿಗೂ ಸೀಗಡಿಯೇ ಬುನಾದಿ. ಪರಾಟಾದ ಜೊತೆ ಕೊಡುವ ಸಾರು ಮೀನಿನದೋ ಕುರಿಯದೋ ಆಗಿರಬಹುದು, ಬೇಳೆ ಸಾರು ಎಂದು ಬಾಯಿಬಿಟ್ಟು ಕೇಳಿ. ಸಾದಾ ಪರಾಟಾಕ್ಕೆ ಅಲ್ಲಿ ಪ್ರಾಟಾ ಕೊಸೊಂಗ್ ಎನ್ನುತ್ತಾರೆ. ಸಕ್ಕರೆಯಲ್ಲಿ ಅದ್ದಿಕೊಟ್ಟರೆ ಸಾರಿನ ಖಾರ ಒಲ್ಲದ ಮಗುವೂ ಎರಡು ತಿನ್ನುತ್ತದೆ. ಕಾಯಾ ಟೋಸ್ಟಿಗೆ ಸವರುವ ಕಾಯಾ ಎಂಬ ತೆಂಗಿನಹಾಲಿನ ಜಾಮಿನಲ್ಲಿ ಮೊಟ್ಟೆ ಇದೆ. ಲಿಟಲ್ ಇಂಡಿಯಾ ನಿಲ್ದಾಣದ ಪಕ್ಕದ ಟೆಕ್ಕಾ ಸೆಂಟರ್, 1947ರಿಂದ ಇರುವ ಸೆರಂಗೂನ್ ರಸ್ತೆಯ ಕೋಮಲ ವಿಲಾಸ ಇವೆರಡೂ ಅನ್ನ, ದೋಸೆ ಬೇಡುವ ಮಕ್ಕಳಿಗೆ ಆಸರೆ. ಮೂರನೆಯ ದಿನದ ಹೊತ್ತಿಗೆ ಒಮ್ಮೆ ಅಲ್ಲಿಗೆ ಹೋಗುವಂತೆ ಇಟ್ಟುಕೊಳ್ಳಿ, ಹೊಟ್ಟೆ ಕೆಡುವುದೂ ತಪ್ಪುತ್ತದೆ.

ಉಬಿನ್ ದ್ವೀಪ, ದೊಡ್ಡ ಮಕ್ಕಳಿಗೆ

ಸೈಕಲ್ ಬರುವ, ಎಂಟು ದಾಟಿದ ಮಕ್ಕಳಿಗೆ ಮಾಲುಗಳಿಗಿಂತ ಪುಲಾವ್ ಉಬಿನ್ ಎಷ್ಟೋ ಮೇಲು. ಚಾಂಗಿ ಪಾಯಿಂಟ್ ಜೆಟ್ಟಿಯಿಂದ ಮರದ ದೋಣಿ, ತಲೆಗೆ 4 ಡಾಲರ್, ನಗದು ಇರಲಿ. ಹನ್ನೆರಡು ಜನ ತುಂಬಿದ ಮೇಲೆಯೇ ಹೊರಡುವುದರಿಂದ ವಾರದ ದಿನ ಸ್ವಲ್ಪ ಕಾಯಬೇಕು. ಜೆಟ್ಟಿಯ ಬಳಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ಬಾಡಿಗೆಗೆ ಹಿಡಿಯುವ ಮುಂಚೆ ಬ್ರೇಕ್ ಹಿಡಿದು ನೋಡಿ, ಚೆಕ್ ಜಾವಾ ಎಂಬ ಕಡಲಂಚಿನ ಜೌಗು ಜಾಗಕ್ಕೆ ಹೋಗುವ ದಾರಿಯಲ್ಲಿ ಇಳಿಜಾರುಗಳಿವೆ. ಚೆಕ್ ಜಾವಾದ ಮರದ ಕಾಲುದಾರಿಗೆ ಸೈಕಲ್ ಬಿಡುವುದಿಲ್ಲ, ಬಾಗಿಲಲ್ಲೇ ನಿಲ್ಲಿಸಿ ನಡೆಯಬೇಕು. ಸಮುದ್ರ ಇಳಿದಾಗ ಮಾತ್ರ ಏಡಿ, ಮಡ್‌ಸ್ಕಿಪ್ಪರ್ ಮೀನುಗಳು ಕಾಣುತ್ತವೆ. ಉಬ್ಬರ-ಇಳಿತದ ಪಟ್ಟಿಯಲ್ಲಿ 0.5 ಮೀಟರ್ ಅಥವಾ ಅದಕ್ಕಿಂತ ಕೆಳಗೆ ಇರುವ ಹೊತ್ತು ಆರಿಸಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ತೂಗಾಡಿಸಬೇಡಿ. ಅಲ್ಲಿನ ಮಂಗಗಳಿಗೂ ಕಾಡುಹಂದಿಗಳಿಗೂ ಚೀಲವೆಂದರೆ ತಿಂಡಿ ಎಂದು ಗೊತ್ತು. ತಿಂಡಿಯೆಲ್ಲ ಜಿಪ್ ಹಾಕಿದ ಬೆನ್ನುಚೀಲದಲ್ಲಿರಲಿ.

ಮೈ ಹುಷಾರು ತಪ್ಪಿದರೆ

ಮಗುವಿಗೆ ಮಾಮೂಲಿಯಾಗಿ ಕೊಡುವ ಜ್ವರದ ಸಿರಪ್ಪು, ಓಆರ್‌ಎಸ್ ಪೊಟ್ಟಣ ಚೀಟಿ ಸಮೇತ ಒಯ್ಯಿರಿ. ರಾತ್ರಿ ಹೊತ್ತು ಜ್ವರ ಏರಿದರೆ ಲಿಟಲ್ ಇಂಡಿಯಾ ಬಳಿಯ ಕೆಕೆ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ತುರ್ತು ವಿಭಾಗ 24 ಗಂಟೆ ತೆರೆದಿರುತ್ತದೆ. ಆ್ಯಂಬುಲೆನ್ಸ್ 995, ಪೊಲೀಸ್ 999. ವಿದೇಶಿಯರಿಗೆ ಶುಲ್ಕ ದುಬಾರಿ, ಪ್ರವಾಸ ವಿಮೆಯಲ್ಲಿ ಮಕ್ಕಳ ಹೆಸರೂ ಇದೆಯೇ ನೋಡಿ. ಡೆಂಗಿ ಅಲ್ಲಿಯೂ ಉಂಟು, ಹಗಲಲ್ಲೂ ಸೊಳ್ಳೆ ಕ್ರೀಮು ಹಚ್ಚಿ.

ವಾಪಸು ಹೊರಡುವ ದಿನ

ರಾತ್ರಿ ವಿಮಾನವಾದರೆ ಕೊನೆಯ ಸಂಜೆಯನ್ನು ಚಾಂಗಿ ವಿಮಾನ ನಿಲ್ದಾಣದ ಮಾಲು ಜ್ಯೂಯೆಲ್‌ಗೆ ಇಡಿ. ಸೂರಿನಿಂದ 40 ಮೀಟರ್ ಧುಮುಕುವ ರೇನ್ ವೋರ್ಟೆಕ್ಸ್ ಜಲಪಾತ ನೋಡಲು ಟಿಕೆಟ್ ಬೇಡ. ಕತ್ತಲಾದ ಮೇಲೆ ಅದರ ಮೇಲೆ ಬೆಳಕಿನಾಟ. ಬಲೆ, ಜಾರುಬಂಡೆ ಇರುವ ಮೇಲಿನ ಕ್ಯಾನೊಪಿ ಪಾರ್ಕಿಗೆ ಮಾತ್ರ ಟಿಕೆಟ್. ಕೆಲವು ವಿಮಾನ ಸಂಸ್ಥೆಗಳಿಗೆ ಜ್ಯೂಯೆಲ್‌ನಲ್ಲೇ ಮುಂಚಿತ ಚೆಕ್-ಇನ್ ಇದೆ, ಪೆಟ್ಟಿಗೆ ಕೊಟ್ಟು ಕೈಬೀಸಿಕೊಂಡು ತಿರುಗಬಹುದು. ನಿಮ್ಮ ವಿಮಾನಕ್ಕೆ ಇಲ್ಲದಿದ್ದರೆ ಅಲ್ಲಿ ಸಾಮಾನು ಇಡುವ ಕೌಂಟರ್ ಇದೆ. ಒಂದನೆಯ ಟರ್ಮಿನಲ್ಲಿಗೆ ಜ್ಯೂಯೆಲ್ ಅಂಟಿಕೊಂಡೇ ಇದೆ, 2 ಮತ್ತು 3ಕ್ಕೆ ಸೇತುವೆಯಲ್ಲಿ ನಡೆಯಬಹುದು, 4ಕ್ಕೆ ಬಸ್ಸಿನಲ್ಲೇ ಹೋಗಬೇಕು, ಅದಕ್ಕೆ ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ. 1, 2, 3ರಲ್ಲಿ ಕೈಚೀಲದ ತಪಾಸಣೆ ನಡೆಯುವುದು ವಿಮಾನದ ಗೇಟಿನಲ್ಲಿ. ಮಕ್ಕಳ ನೀರಿನ ಬಾಟಲಿಯನ್ನು ಅಲ್ಲಿಯೇ ಖಾಲಿ ಮಾಡಿಸುತ್ತಾರೆ, ಹಾಗಾಗಿ ಗೇಟಿಗೆ ಹೋಗುವ ಮುಂಚೆ ಕುಡಿಸಿ ಮುಗಿಸಿ, ಶೌಚಾಲಯಕ್ಕೂ ಕರೆದುಕೊಂಡು ಹೋಗಿ. ವಿಮಾನ ಏರುವ ಅರ್ಧ ಗಂಟೆ ಮುಂಚೆಯೇ ಅಲ್ಲಿ ಸಾಲು ಬೆಳೆಯುತ್ತದೆ. ಸ್ಟ್ರಾಲರ್ ಮಡಿಸಿ ಯಂತ್ರಕ್ಕೆ ಹಾಕುವ ಕೆಲಸವೂ ಇರುವುದರಿಂದ ಸಾಲಿನ ಮುಂದುಗಡೆಯೇ ಇರಿ.